ಕಾಟಾ ಮಾಡಿಸಿಯೇ ಗೇಟು ದಾಟಿ

ಗಂಗಾವತಿ, ಕಾರಟಗಿ ಕಡೆ ಸುಗ್ಗಿ ಶುರುವಾಯಿತೆಂದರೆ ಲಾರಿಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಭತ್ತ ಗಿರಣಿಗೆ ಬರಬೇಕು, ಅಕ್ಕಿ ಬೆಂಗಳೂರಿಗೋ ಸೊಲ್ಲಾಪುರಕ್ಕೋ ಹೋಗಬೇಕು, ಎಲ್ಲರಿಗೂ ಅವಸರ. ಅವಸರದಲ್ಲಿ ಮರೆವೂ ಹೆಚ್ಚು. ಲಾರಿ ಇಟ್ಟ ಮನೆಗೆ ಸೊಸೆಯಾಗಿ ಬಂದು, ಬಾಡಿಗೆಯ ಲೆಕ್ಕ, ದಂಡದ ರಸೀದಿ ಎರಡನ್ನೂ ಜೋಪಾನ ಮಾಡಿದವಳು ನಾನು. ಮಾಲೀಕರೇ ಇರಲಿ, ಡ್ರೈವರ್ ತಮ್ಮಂದಿರೇ ಇರಲಿ, ಗಿರಣಿಯಲ್ಲಿ ಲೋಡಿಂಗ್ ನೋಡಿಕೊಳ್ಳುವ ಹುಡುಗರೇ ಇರಲಿ, ಸ್ವಲ್ಪ ಕೇಳಿಸಿಕೊಳ್ಳಿ.

• ಲೋಡ್ ಆದ ಕೂಡಲೇ ಊರಲ್ಲೇ ಕಾಟಾ ಮಾಡಿಸಿ. ತೂಕ ಹೆಚ್ಚಾಗಿದ್ದರೆ ಇಲ್ಲಿ ಹಮಾಲರಿದ್ದಾರೆ, ಗೋದಾಮಿದೆ, ನಾಲ್ಕು ಚೀಲ ಇಳಿಸುವುದು ಐದು ನಿಮಿಷದ ಕೆಲಸ. ಅದೇ ಚೀಲವನ್ನು ಕುಷ್ಟಗಿ ದಾಟಿದ ಮೇಲೆ ಬಿಸಿಲಲ್ಲಿ ಇಳಿಸಬೇಕಾಗಿ ಬಂದರೆ ಏನು ಮಾಡುತ್ತೀರಿ?

• ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಲೋಡ್ ಸಮೇತ ಇರಬಹುದಾದ ತೂಕ, ಎರಡೂ ಇರುತ್ತವೆ. ಎರಡನ್ನೂ ಕ್ಯಾಬಿನ್ ಬಾಗಿಲ ಒಳಗೆ ಬಣ್ಣದಲ್ಲಿ ಬರೆಸಿಬಿಡಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರು ಚಕ್ರದ ಲಾರಿಯ ಮಿತಿಯನ್ನು 16.2 ಟನ್ನಿನಿಂದ 18.5ಕ್ಕೆ, ಹತ್ತು ಚಕ್ರದ್ದನ್ನು 25ರಿಂದ 28.5ಕ್ಕೆ ಏರಿಸಿತು ನಿಜ. ಹಾಗೆಂದು ಪಕ್ಕದ ಗಾಡಿಯವರ ಲೆಕ್ಕ ನಂಬಿ ತುಂಬಬೇಡಿ, ನಿಮ್ಮ ಆರ್‌ಸಿಯಲ್ಲಿ ಏನಿದೆ ನೋಡಿ.

• ಚೀಲದ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. 18.5 ಟನ್ನಿನ ಲಾರಿ ಖಾಲಿ ಇದ್ದಾಗ ಆರೂವರೆ ಟನ್ ತೂಗಿದರೆ ಉಳಿದದ್ದು 12 ಟನ್, ಅಂದರೆ ನಮ್ಮ 75 ಕೆಜಿ ಭತ್ತದ ಚೀಲ 160. ಅದರಲ್ಲೇ ತುಂಬಿದ ಡೀಸೆಲ್, ತಾಡಪತ್ರಿ, ಹಗ್ಗ, ಸ್ಟೆಪ್ನಿ, ಹತ್ತಿದ ಮನುಷ್ಯರು ಎಲ್ಲ ಸೇರಬೇಕು. ಇದನ್ನೇ ಎಲ್ಲರೂ ಮರೆಯುವುದು.

• ಕಟಾವು ಯಂತ್ರದಿಂದ ನೇರ ತುಂಬಿದ ಹಸಿ ಭತ್ತಕ್ಕೆ ಕಣ್ಣಂದಾಜು ಬೇಡ. ಒಣಗಿದ್ದಕ್ಕಿಂತ ಅದು ಭಾರ. ಮಳೆ ಕುಡಿದ ಗೋಣಿಚೀಲವೂ ಅಷ್ಟೇ.

• ದಂಡದ ಲೆಕ್ಕವನ್ನೂ ಒಮ್ಮೆ ಕೂಡಿಸಿ ನೋಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಕಲಂ 194ರ ಪ್ರಕಾರ ತೂಕ ಮೀರಿದರೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಎರಡು ಟನ್ ಹೆಚ್ಚಿದ್ದರೆ 24,000 ಆಯಿತು. ಆ ಎರಡು ಟನ್ನಿನ ಇಪ್ಪತ್ತಾರು ಚಿಲ್ಲರೆ ಚೀಲದ ಬಾಡಿಗೆ ಅಷ್ಟು ಎಂದಾದರೂ ಬಂದದ್ದುಂಟೇ? ಇಳಿಸುವ ಖರ್ಚೂ ನಿಮ್ಮದೇ.

• ದಂಡ ಕಟ್ಟಿದೆವು, ಇನ್ನು ಹೊರಡೋಣ ಎಂದುಕೊಳ್ಳಬೇಡಿ. ದಂಡ ತೆಗೆದುಕೊಂಡು ಹಾಗೇ ಮುಂದೆ ಬಿಡುವಂತಿಲ್ಲ, ಹೆಚ್ಚಿನ ಮಾಲು ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಈಗ ಕಾಯ್ದೆಯಲ್ಲೂ ಅದೇ ಇದೆ. ಇಳಿಸಿದ ಮಾಲಿಗೆ ಇನ್ನೊಂದು ಗಾಡಿ ಕರೆಸಬೇಕು, ಅದು ಬರುವ ತನಕ ರಸ್ತೆ ಬದಿಯಲ್ಲಿ ಕಾವಲು ಕೂರಬೇಕು, ಅಷ್ಟರಲ್ಲಿ ಮಳೆ ಬಂದರೆ ಅಕ್ಕಿ ಹೋಯಿತು.

• ಪೊಲೀಸರೋ ಆರ್‌ಟಿಒ ಇನ್‌ಸ್ಪೆಕ್ಟರೋ ಕೈ ಮಾಡಿದರೆ ಇಂಡಿಕೇಟರ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿ. ಅಧಿಕಾರ ಪಡೆದ ಅಧಿಕಾರಿ ತೂಕಕ್ಕೆ ನಡೆಯಿರಿ ಎಂದರೆ ಹೋಗಲೇಬೇಕು. ಕಾಟಾ ನೀವು ಮುಂದೆ ಹೋಗುವ ದಾರಿಯಿಂದ 10 ಕಿಲೋಮೀಟರ್ ಒಳಗೆ, ಇಲ್ಲವೇ ತಲುಪಬೇಕಾದ ಜಾಗದಿಂದ 20 ಕಿಲೋಮೀಟರ್ ಒಳಗಿರಬೇಕು ಎಂಬ ನಿಯಮವಿದೆ, ಎಲ್ಲೆಲ್ಲಿಗೋ ಅಲೆಸುವಂತಿಲ್ಲ. ನಿಲ್ಲಿಸದೆ ಓಡಿದರೆ, ತೂಕಕ್ಕೆ ಒಪ್ಪದಿದ್ದರೆ, ತೂಕಕ್ಕೆ ಮುಂಚೆ ಕದ್ದು ಚೀಲ ಇಳಿಸಿದರೆ 40,000 ರೂಪಾಯಿ. ತೂಕ ಸರಿ ಇದ್ದವರೂ ಗಾಬರಿಯಲ್ಲಿ ಓಡಿ ಇದನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ, ಅದೇ ನನಗೆ ಸಂಕಟ.

• ಹಿಟ್ನಾಳ, ವಣಗೇರಿ ಟೋಲ್ ತಪ್ಪಿಸಲು ಹಳ್ಳಿಯ ಒಳದಾರಿ ಹಿಡಿಯಬೇಡಿ. ನಮ್ಮ ಎಡದಂಡೆ ಕಾಲುವೆಯ ಸಣ್ಣ ಸೇತುವೆಗಳು ಎತ್ತಿನ ಗಾಡಿ, ಟ್ರ್ಯಾಕ್ಟರ್ ದಾಟಲೆಂದು ಕಟ್ಟಿದವು. ಒಂದು ಕುಸಿದರೆ ಇಡೀ ಊರಿನ ಶಾಲೆ ಮಕ್ಕಳು, ಹಾಲಿನ ಕ್ಯಾನು ಎಲ್ಲ ಸುತ್ತಿ ಬರಬೇಕು.

• ಹೆಚ್ಚು ಹೊರಲೆಂದು ಸ್ಪ್ರಿಂಗಿಗೆ ಇನ್ನೆರಡು ಪಾಟಾ ಸೇರಿಸಿ ಬಂದೆವು ಎನ್ನುವವರಿದ್ದಾರೆ. ಪಾಟಾ ಸೇರಿಸಿದರೆ ಗಾಡಿ ಕೂರುವುದಿಲ್ಲ ಅಷ್ಟೇ, ಬ್ರೇಕು ಹಳೆಯದೇ, ಟೈರೂ ಹಳೆಯದೇ. ಆರ್‌ಸಿಯ ಅಂಕಿಯೂ ಬದಲಾಗುವುದಿಲ್ಲ.

• ಹಿಂದೆ ಮಾತ್ರ ಹೇರಿ ಮುಂದೆ ಖಾಲಿ ಬಿಡಬೇಡಿ. ಒಟ್ಟು ತೂಕ ಸರಿ ಇದ್ದರೂ ಪ್ರತಿ ಆಕ್ಸಲ್ಲಿಗೆ ಬೇರೆ ಮಿತಿ ಇದೆ. ಹಿಂಭಾರ ಆದರೆ ಸ್ಟೇರಿಂಗ್ ಹಗುರಾಗಿ ತಿರುವಿನಲ್ಲಿ ಕೈಕೊಡುತ್ತದೆ.

• ಮಾಲೀಕರೇ, ಡ್ರೈವರ್ ತುಂಬಿಕೊಂಡು ಹೋದ, ನನಗೇನು ಗೊತ್ತು ಎನ್ನಬೇಡಿ. ಓಡಿಸಿದವರ ಮೇಲಷ್ಟೇ ಅಲ್ಲ, ಓಡಿಸಲು ಬಿಟ್ಟವರ ಮೇಲೂ ಕೇಸು. ಮಾಲೀಕರಿಗೆ ಗೊತ್ತಿದ್ದೇ ನಡೆಯಿತೆಂದು ಕೋರ್ಟು ಭಾವಿಸಬಹುದು ಎಂದು ಕಾಯ್ದೆ ಹೇಳುತ್ತದೆ. ಸರಕು ವಾಹನದ ಓವರ್‌ಲೋಡಿಗೆ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಮೂರು ತಿಂಗಳು ಆ ಹುಡುಗನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಒತ್ತಾಯ ಮಾಡಿ ತುಂಬಿಸುವ ಮೊದಲು ಅದನ್ನು ಯೋಚಿಸಿ.

ಇಷ್ಟು ಬಿಗಿ ಏಕೆ ಎಂದು ಕೇಳುವವರು ಹೊಸಪೇಟೆ, ಸಂಡೂರು ಕಡೆಯ ಅದಿರು ಲಾರಿಗಳ ಕಾಲವನ್ನು ನೆನಪಿಸಿಕೊಳ್ಳಿ. ಮಿತಿ ಮೀರಿ ತುಂಬಿದ ಲಾರಿಗಳ ಓಡಾಟದಲ್ಲಿ ರಸ್ತೆ ಎಂಬುದು ಕೆಂಪು ಗುಂಡಿಗಳ ಸಾಲಾಗಿತ್ತು. ಹೆರಿಗೆ ನೋವಿನ ಹೆಣ್ಣುಮಕ್ಕಳನ್ನು ಅದೇ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಕೊಟ್ಟ ಲೋಕಾಯುಕ್ತ ವರದಿಯಲ್ಲಿ ಓವರ್‌ಲೋಡಿನ ವಿಷಯವೂ ಇದೆ. ಭತ್ತದ ಲಾರಿ ಬೇರೆ, ಅದಿರಿನ ಲಾರಿ ಬೇರೆ ಎಂದು ರಸ್ತೆಗೆ ಗೊತ್ತಾಗುವುದಿಲ್ಲ.

• ಮಾಲಿನ ಗಾಡಿಯಲ್ಲಿ ಜನರನ್ನು ಹತ್ತಿಸಬೇಡಿ. ಬೇಡ ಎಂದರೆ ಬೇಡ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಉರುಳಿ ಹತ್ತು ಮಂದಿ ಹೋದರು. ಲೋಡಿನ ಜೊತೆಗೇ ಹೊರಟಿದ್ದ ವ್ಯಾಪಾರಿಗಳು ಅವರು. ನಮ್ಮಲ್ಲಿ ನಾಟಿಗೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಹಿಡಿದು ಬೆಳಗಿನ ಜಾವಕ್ಕೇ ರಸ್ತೆಗೆ ಬಂದು ನಿಂತಿರುತ್ತಾರೆ. ಟಾಟಾ ಏಸ್ ಬಂದರೆ ಸಾಕು, ಹಿಡಿದುಕೊಳ್ಳಲು ಜಾಗವಿಲ್ಲದಿದ್ದರೂ ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಬೇಡ ಎಂದು ಹೇಳಬೇಕಾದವರು ನೀವು, ಏಕೆಂದರೆ ಅವರೇ ಬೇಡ ಎಂದರೆ ಅವರ ಆ ದಿನದ ಕೂಲಿ ಹೋಗುತ್ತದೆ. ಗುಂಪಿನ ಮೇಸ್ತ್ರಿಗೆ ಹೇಳಿ, ಸೀಟಿರುವ ಗಾಡಿ ಗೊತ್ತು ಮಾಡಿಸಿ, ಬಾಡಿಗೆಯಲ್ಲಿ ಜಮೀನಿನವರೂ ಪಾಲು ಕೊಡಲಿ. ಅನಾಹುತವಾದ ಮೇಲೆ ಇನ್ಶೂರೆನ್ಸ್ ಕಂಪನಿ ಇದು ಸರಕಿನ ವಾಹನ ಎಂದು ಕೈ ಎತ್ತುತ್ತದೆ, ಆಮೇಲೆ ಹೋದವರ ಮಕ್ಕಳು ಕೋರ್ಟು ಅಲೆಯಬೇಕು.

• ಭತ್ತದ ಹುಲ್ಲು, ಹೊಟ್ಟು ಹಗುರ ಎಂದು ಬಾಡಿಯ ಆಚೆ ಈಚೆ ಚಾಚಿ ಹೇರಬೇಡಿ. ತೂಕ ಮೀರದಿದ್ದರೂ ಅಳತೆ ಮೀರಿದ್ದಕ್ಕೆ ಬೇರೆ 20,000 ದಂಡವಿದೆ. ಎತ್ತರ ಹೆಚ್ಚಾದರೆ ಕರೆಂಟಿನ ತಂತಿ ತಗುಲುತ್ತದೆ, ಕಿಡಿ ಬಿದ್ದರೆ ಒಣಹುಲ್ಲು ಆರಿಸಲು ಆಗುವುದಿಲ್ಲ.

• ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಹಿಂದಿನ ದೀಪ, ನಂಬರ್ ಪ್ಲೇಟ್, ಹೊಳೆಯುವ ಪಟ್ಟಿ ಒರೆಸಿ. ಪಟ್ಟಿ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಇರಬೇಕು. ಗದ್ದೆಯ ಕೆಸರು ಮೆತ್ತಿದರೆ ಇದ್ದೂ ಇಲ್ಲದಂತೆ. ತಾಡಪತ್ರಿಯ ಸೆರಗು ದೀಪದ ಮೇಲೆ ಇಳಿಬಿದ್ದಿದೆಯೇ, ಅದನ್ನೂ ಕಟ್ಟಿ. ರಾತ್ರಿ ಬೈಕಿನವರಿಗೆ ನಿಮ್ಮ ಲಾರಿ ಇದೆ ಎಂದು ಗೊತ್ತಾಗುವುದು ಅದರಿಂದಲೇ.

• ಗಾಡಿ ಕೆಟ್ಟು ನಿಂತರೆ ಕಲ್ಲು, ಜಾಲಿಕೊಂಬೆ ಇಡಬೇಡಿ, ತ್ರಿಕೋನದ ಬೋರ್ಡು ಇಡಿ. ಗಾಡಿ ರಿಪೇರಿಯಾಗಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಫೋನ್ ಮಾಡಿ, ಪೆಟ್ಟಾಗಿದ್ದರೆ 112ಕ್ಕೆ.

• ಎಫ್‌ಸಿ ಎಂಟು ವರ್ಷದ ಒಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಡಿ, ಹೆಂಗಸರ ಕಣ್ಣಿಗೆ ಬಿದ್ದರೆ ನೆನಪಿಸುತ್ತಾರೆ. ಕಾಗದ ಡಿಜಿಲಾಕರ್‌ನಲ್ಲೋ ಎಂಪರಿವಾಹನ್‌ನಲ್ಲೋ ಇದ್ದರೂ ನಡೆಯುತ್ತದೆ. ಆದರೆ ಮೊಬೈಲಿನಲ್ಲಿ ಚಾರ್ಜ್ ಇಟ್ಟುಕೊಳ್ಳಿ.

• ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಇ-ಚಲನ್ ಕೇಳಿ ಪಡೆಯಿರಿ, ಗಾಡಿ ನಂಬರು, ತೂಕ ಸರಿಯಾಗಿ ಬರೆದಿದ್ದಾರೆಯೇ ಓದಿ. ದನಿ ಏರಿಸಬೇಡಿ. ಬಿಸಿಲಲ್ಲಿ ನಿಂತ ಪೇದೆಗೂ ಮನೆಮಕ್ಕಳಿದ್ದಾರೆ, ಸಮಾಧಾನದಿಂದ ಮಾತಾಡಿದರೆ ಕೆಲಸ ಬೇಗ ಮುಗಿಯುತ್ತದೆ.

• ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಇಳಿದು ಮೈ ಮುರಿಯಿರಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಅದು ಇತ್ತು. ಚಹಾ ಕುಡಿದರೆ ನಿದ್ದೆ ಹೋಗುತ್ತದೆ ಎಂಬುದನ್ನು ನಾನಂತೂ ಒಪ್ಪುವುದಿಲ್ಲ. ನಿದ್ದೆ ಬಂದರೆ ಢಾಬಾ ಮುಂದೆ ಹಾಕಿ ಮಲಗಿಬಿಡಿ.

• ಮಳೆಗಾಲದಲ್ಲಿ ಹೊರಡುವ ಮೊದಲು ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಯೇ ಕೇಳಿಕೊಳ್ಳಿ. ತುಂಗಭದ್ರೆ ತುಂಬಿದರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಪೊಲೀಸರು ಬ್ಯಾರಿಕೇಡ್ ಹಾಕುತ್ತಾರೆ. ನನ್ನದು ಭಾರದ ಗಾಡಿ, ನೀರಿಗೆ ಅಲುಗದು ಎಂದು ವಾದ ಮಾಡಬೇಡಿ. ಹೊಸಪೇಟೆ ಮೇಲೆ ಸುತ್ತಿ ಹೋಗಿ, ಹೆಚ್ಚಿನ ಡೀಸೆಲ್ ದುಡ್ಡನ್ನು ಪಾರ್ಟಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ.