ನಕಲಿ ನೌಕರಿಯ ಬಲೆ: ಗುರುತಿಸುವುದು ಹೇಗೆ, ಪಾರಾಗುವುದು ಹೇಗೆ?

ಇಲ್ಲದ ಹುದ್ದೆಯ ಆಸೆ ತೋರಿಸಿ ಅಭ್ಯರ್ಥಿಯ ಹಣ, ದಾಖಲೆ ಅಥವಾ ಬ್ಯಾಂಕ್ ಖಾತೆಯನ್ನು ಕಬಳಿಸುವುದೇ ನಕಲಿ ನೌಕರಿ ವಂಚನೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನಿಜವಾದ ಉದ್ಯೋಗಗಳಿಗೆ ಕೊರತೆಯಿಲ್ಲ. ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ಹೊಸಕೋಟೆಯ ಪಿಲ್ಲಗುಂಪೆಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ವಂಚಕರು ಬಳಸಿಕೊಳ್ಳುವುದೂ ಇಂಥ ಹೆಸರುಗಳನ್ನೇ. ಹಾಗಾಗಿ ಪರಿಚಿತ ಹೆಸರು ಕಂಡೊಡನೆ ಜಾಹೀರಾತನ್ನು ನಂಬದೆ, ಈ ಕ್ರಮದಲ್ಲಿ ಪರಿಶೀಲಿಸುವುದು ಕ್ಷೇಮ.

1. ನೇಮಕ ಮಾಡುವವರು ಯಾರೆಂದು ತಿಳಿಯಿರಿ

‘ಏರ್‌ಪೋರ್ಟ್‌ನಲ್ಲಿ ಕೆಲಸ, ಎಸ್ಸೆಸ್ಸೆಲ್ಸಿ ಸಾಕು, ಇಂಟರ್‌ವ್ಯೂ ಇಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಉದ್ಯೋಗದಾತರ ಹೆಸರೇ ಇರುವುದಿಲ್ಲ. ವಿಮಾನ ನಿಲ್ದಾಣದ ಕೆಲಸಗಳೆಲ್ಲ ಒಬ್ಬರ ಕೈಯಲ್ಲಿಲ್ಲ. ನಿಲ್ದಾಣದ ನಿರ್ವಹಣೆ ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್‌ನದು. ಟಿಕೆಟ್ ಕೌಂಟರ್, ಸಾಮಾನು ಸಾಗಣೆ, ಸ್ವಚ್ಛತೆ, ಅಂಗಡಿ ಮಳಿಗೆಗಳಿಗೆ ಬೇರೆ ಬೇರೆ ಕಂಪನಿಗಳು ಜನರನ್ನು ತೆಗೆದುಕೊಳ್ಳುತ್ತವೆ. ಭದ್ರತೆ ನೋಡಿಕೊಳ್ಳುವ ಸಿಐಎಸ್‌ಎಫ್‌ನ ಕಾನ್‌ಸ್ಟೆಬಲ್ ಹುದ್ದೆಗೆ ಕೇಂದ್ರ ಸರ್ಕಾರದ ಪರೀಕ್ಷೆ ಬರೆಯಬೇಕು. ಯಾವ ಕಂಪನಿ, ಯಾವ ಹುದ್ದೆ ಎಂದು ಕೇಳಿದಾಗ ನೇರ ಉತ್ತರ ಬಾರದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

2. ಹಣದ ಬೇಡಿಕೆಯನ್ನು ಗಮನಿಸಿ

ವಂಚಕರು ಮೊದಲು ಕೆಲವು ನೂರು ರೂಪಾಯಿ ‘ನೋಂದಣಿ ಶುಲ್ಕ’ ಕೇಳುತ್ತಾರೆ. ಅದು ಕೈಸೇರಿದ ಮೇಲೆ ಯೂನಿಫಾರ್ಮ್, ವೈದ್ಯಕೀಯ ತಪಾಸಣೆ, ತರಬೇತಿ, ಸೆಕ್ಯುರಿಟಿ ಪಾಸ್ ಎಂದು ಒಂದರ ಹಿಂದೊಂದು ಬೇಡಿಕೆ ಬರುತ್ತದೆ. ‘ಮೊದಲ ಸಂಬಳದಲ್ಲಿ ವಾಪಸ್’ ಎಂಬ ಭರವಸೆಯೂ ಇರುತ್ತದೆ. ಕಟ್ಟಿದ ಹಣ ಮುಳುಗೀತೆಂಬ ಭಯಕ್ಕೇ ಜನ ಮತ್ತೆ ಮತ್ತೆ ಕಟ್ಟುತ್ತಾರೆ. ವಿಮಾನ ನಿಲ್ದಾಣದ ಪ್ರವೇಶ ಪಾಸ್‌ಗೆ ಅರ್ಜಿ ಹಾಕಬೇಕಾದದ್ದು ಕೆಲಸ ಕೊಟ್ಟ ಸಂಸ್ಥೆ. ಕೆಲಸಕ್ಕೆ ಸೇರುವ ಮೊದಲೇ ಪಾಸ್ ಮಾಡಿಸಿಕೊಡುತ್ತೇವೆಂದು ಅಭ್ಯರ್ಥಿಯಿಂದ ಹಣ ಕೇಳಿದರೆ ಅದು ಮೋಸ.

ಸರ್ಕಾರಿ ಹುದ್ದೆಗಳಿಗೆ ಅರ್ಜಿ ಶುಲ್ಕ ಇರುವುದುಂಟು. ಅದನ್ನು ಅಧಿಸೂಚನೆಯಲ್ಲಿ ಹೇಳಿದ ವಿಧಾನದಲ್ಲೇ ಕಟ್ಟಬೇಕು. ಯಾರದೋ ಫೋನ್‌ಪೇ ಸಂಖ್ಯೆಗೆ ಕಳಿಸಬಾರದು.

3. ಆಫರ್ ಲೆಟರ್ ಪರಿಶೀಲಿಸಿ

ಕಂಪನಿಯ ಲೋಗೊ, ಮೊಹರು, ಸಹಿ ಇದ್ದ ಮಾತ್ರಕ್ಕೆ ಪತ್ರ ಅಸಲಿಯಾಗುವುದಿಲ್ಲ. ಇಮೇಲ್ ವಿಳಾಸದಲ್ಲಿ ‘@’ ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಬಿಡದೆ ಓದಬೇಕು. ದೊಡ್ಡ ಕಂಪನಿಯ ಹೆಸರಿನ ಪತ್ರ ಜಿಮೇಲ್‌ನಿಂದ ಬಂದಿದ್ದರೆ, ಕಂಪನಿಯ ಹೆಸರಿಗೆ ಒಂದು ಅಡ್ಡಗೆರೆಯೋ ‘ಜಾಬ್ಸ್’ ಎಂಬ ಪದವೋ ಅಂಟಿಕೊಂಡಿದ್ದರೆ ಅನುಮಾನಿಸಬೇಕು. ಸಂದೇಶದಲ್ಲಿರುವ ಲಿಂಕ್ ಒತ್ತದೆ ಕಂಪನಿಯ ಅಧಿಕೃತ ಜಾಲತಾಣವನ್ನು ತಾವೇ ತೆರೆದು, ಅಲ್ಲಿನ ಫೋನ್ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು. ಕಾರ್ಖಾನೆ ಹತ್ತಿರದಲ್ಲೇ ಇದ್ದರೆ ಗೇಟಿಗೆ ಹೋಗಿ ಎಚ್‌ಆರ್ ವಿಭಾಗದಲ್ಲಿ ಪತ್ರ ತೋರಿಸುವುದು ಇನ್ನೂ ಒಳ್ಳೆಯದು.

4. ‘ಟಾಸ್ಕ್’ ಕೆಲಸದಿಂದ ದೂರವಿರಿ

ಮನೆಯಲ್ಲೇ ಕುಳಿತು ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಟ್ಟು ಸಂಪಾದಿಸಿ ಎಂಬ ಆಹ್ವಾನ ಇನ್ನೊಂದು ಬಗೆ. ಆರಂಭದಲ್ಲಿ ನೂರಿನ್ನೂರು ರೂಪಾಯಿ ಖಾತೆಗೆ ನಿಜವಾಗಿಯೂ ಬರುತ್ತದೆ. ನಂಬಿಕೆ ಕುದುರಿದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ಮುಂಗಡ ಕಟ್ಟಿದರೆ ಹೆಚ್ಚು ಕಮಿಷನ್ ಎನ್ನುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತಲೇ ಇರುತ್ತದೆ. ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’ ಎಂಬ ಉತ್ತರ ಬರುತ್ತದೆ. ಗುಂಪಿನಲ್ಲಿ ‘ನನಗೆ ಹಣ ಬಂತು’ ಎನ್ನುವವರು ವಂಚಕರ ಕಡೆಯವರೇ ಆಗಿರುತ್ತಾರೆ.

5. ದಾಖಲೆ, ಖಾತೆ ಜೋಪಾನ

ಸಂದರ್ಶನಕ್ಕೆ ಒಟಿಪಿ, ಯುಪಿಐ ಪಿನ್, ಎಟಿಎಂ ಕಾರ್ಡಿನ ವಿವರ ಬೇಕಾಗುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಯೂ ಇಲ್ಲ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನೋ ಸಿಮ್ ಕಾರ್ಡನ್ನೋ ಪರರಿಗೆ ಬಿಟ್ಟುಕೊಟ್ಟರೆ, ಬೇರೆಯವರಿಂದ ದೋಚಿದ ಹಣ ಅದರ ಮೂಲಕ ಸಾಗಬಹುದು. ಆಗ ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ. ವಿದೇಶದ ಕೆಲಸವಾದರೆ ಏಜೆಂಟರಿಗೆ ಕೇಂದ್ರ ಸರ್ಕಾರದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬೇಕು.

6. ಹಣ ಹೋಗಿದ್ದರೆ

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಚಾಟ್ ಅಳಿಸದೆ ಸ್ಕ್ರೀನ್‌ಶಾಟ್, ಫೋನ್ ಸಂಖ್ಯೆ, ಹಣ ಕಳಿಸಿದ ಖಾತೆಯ ವಿವರ ಮತ್ತು ಯುಟಿಆರ್ (ವಹಿವಾಟಿನ ಉಲ್ಲೇಖ) ಸಂಖ್ಯೆಯನ್ನು ಇಟ್ಟುಕೊಂಡಿರಬೇಕು. ಹಣ ಹೋಗದಿದ್ದರೂ ಅನುಮಾನದ ಕರೆ, ಸಂದೇಶಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ಸೌಲಭ್ಯದಲ್ಲಿ ವರದಿ ಮಾಡಬಹುದು.

ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಂ ಅಡಿ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಮರ್ಯಾದೆಗೆ ಅಂಜಿ ಸುಮ್ಮನಾದರೆ ಲಾಭವಾಗುವುದು ವಂಚಕರಿಗೇ. ಮೋಸಹೋದ ಮಗನನ್ನೋ ಮಗಳನ್ನೋ ಮನೆಯವರು ಬೈಯದೆ, ಮೊದಲು ದೂರು ಕೊಡಲು ಜೊತೆಗೆ ನಿಲ್ಲಬೇಕು. ಕಳೆದುಕೊಂಡ ಹಣವನ್ನು ಶುಲ್ಕ ಪಡೆದು ವಾಪಸ್ ಕೊಡಿಸುತ್ತೇವೆಂದು ಕರೆ ಬಂದರೆ ಅದನ್ನೂ ನಂಬಬಾರದು. ಅದು ಎರಡನೇ ಸುತ್ತಿನ ಮೋಸ.