ಇಪ್ಪತ್ತು ಬೈಟಿನಲ್ಲಿ ಲಕ್ಷ್ಮಿ

ನೋಡಮ್ಮ, ಬೇರೆ ಸಿಸ್ಟಮ್‌ಗೆ ಫೈಲ್ ಕಳಿಸುವ ಕೋಡನ್ನು ಹೊಸಬರ ಕೈಗೇ ಕೊಡುವುದು ವಾಡಿಕೆ. ಹೆಸರಿಗೆ ಇಷ್ಟು ಜಾಗ, ಮೊತ್ತಕ್ಕೆ ಇಷ್ಟು. ಕಡಿಮೆ ಬಿದ್ದಲ್ಲಿ ಸ್ಪೇಸೋ ಸೊನ್ನೆಯೋ ತುಂಬಿ, ಎಲ್ಲ ಜೋಡಿಸಿ ಒಂದು ಸಾಲು ಮಾಡಿದರಾಯಿತು. ಇದೇನು ಮಹಾ ಅಂತ ಅರ್ಧ ಗಂಟೆಯಲ್ಲಿ ಮುಗಿಸಿಬಿಡಬೇಡ. ಜನರ ಹೆಸರು ಕೆಡುವುದೂ ಇಲ್ಲೇ, ದುಡ್ಡಿನ ಲೆಕ್ಕ ತಪ್ಪುವುದೂ ಇಲ್ಲೇ.

ಉದ್ದವನ್ನು ಯಾವುದರಲ್ಲಿ ಅಳೆಯುತ್ತಾರೆ ಅಂತ ಮೊದಲು ಕೇಳಿ ತಿಳಿದುಕೋ. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಪೈಥಾನ್ ಅದನ್ನು ಏಳು ಅಂತ ಎಣಿಸುತ್ತದೆ: ಲ, ಕ, ಷ, ಮ, ಎರಡು ವಿರಾಮ, ಒಂದು ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. 20 ಬೈಟಿನ ಜಾಗಕ್ಕೆ ಅದನ್ನು ತುರುಕಿದರೆ ಗುಡಿಸು ಮುರಿದು, ಲಕ್ಷ್ಮಿ ಹೋಗಿ ‘ಲಕ್ಷ್ಮ’ ಉಳಿಯುತ್ತದೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆಯ ಕಪ್ಪು ಗುರುತು. ಇಂಗ್ಲಿಷಿನಲ್ಲಿ ಬರೆದ ಲಕ್ಷ್ಮಿಗೂ ಏಳೇ ಅಕ್ಷರ, ಆದರೆ ಬೈಟೂ ಏಳೇ. ಹಾಗಾಗಿ ಇಂಗ್ಲಿಷ್ ಹೆಸರಿನಲ್ಲಷ್ಟೇ ಟೆಸ್ಟ್ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ಒಬ್ಬ ಹೆಣ್ಣುಮಗಳ ಹೆಸರು ಅವಳ ರಸೀದಿಯಲ್ಲೇ ಮುರಿದು ಬೀಳುವುದು ನನಗೆ ಸಣ್ಣ ವಿಷಯವಲ್ಲ.

ತುಂಬುವ ಫಂಕ್ಷನ್ ತುಂಬುತ್ತದೆ ಅಷ್ಟೆ, ಕತ್ತರಿಸುವುದಿಲ್ಲ. ಪೈಥಾನ್‌ನ ಎಲ್‌ಜಸ್ಟ್ ಆಗಲಿ, ಜಾವಾಸ್ಕ್ರಿಪ್ಟ್‌ನ ಪ್ಯಾಡ್‌ಎಂಡ್ ಆಗಲಿ, ಹೆಸರು ಉದ್ದವಾದರೆ ಇದ್ದಹಾಗೇ ವಾಪಸು ಕೊಡುತ್ತವೆ. ಆಗ ಅದರ ನಂತರದ ಕಾಲಮ್‌ಗಳೆಲ್ಲ ಸರಿದು, ಓದುವ ಕಡೆ ಮೊತ್ತದ ಜಾಗದಲ್ಲಿ ಹೆಸರಿನ ಬಾಲ ಕೂತಿರುತ್ತದೆ. ಸಿ ಭಾಷೆಯ ಎಸ್‌ಟಿಆರ್‌ಎನ್‌ಸಿಪಿವೈ ಇದಕ್ಕೆ ತದ್ವಿರುದ್ಧ. ಅದು ಕತ್ತರಿಸುತ್ತದೆ, ಕೊನೆಯ ಶೂನ್ಯವನ್ನೂ ಹಾಕದೆ ಬಿಡುತ್ತದೆ. ಮಿತಿ ಮೀರಿದರೆ ಫೈಲ್ ಹೊರಡದಂತೆ ತಡೆದು, ತಪ್ಪು ತೋರಿಸುವುದೇ ಲೇಸು. ಕತ್ತರಿಸಲೇಬೇಕೆಂದಿದ್ದರೆ ಇಡೀ ಅಕ್ಷರದ ಅಂಚಿಗೆ ಕತ್ತರಿಸು. ವಿರಾಮ ಆದಮೇಲೆ ವ್ಯಂಜನ ಇದ್ದರೆ ಅಲ್ಲಿ ಕತ್ತರಿ ಹಾಕಲೇಬೇಡ.

ಸೊನ್ನೆಯ ಮಾತು ಬೇರೆ. ಖಾತೆ ಸಂಖ್ಯೆಯನ್ನು ಸಂಖ್ಯೆ ಅಂತ ಓದಿದರೆ ಮುಂದಿನ ಸೊನ್ನೆಗಳು ಉದುರುತ್ತವೆ, ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದರೂ ಅಷ್ಟೆ. ಅದನ್ನು ಮೊದಲಿನಿಂದಲೂ ಪಠ್ಯವಾಗಿಯೇ ಇಡು. ಹಾಗೆಯೇ ನಿಗದಿತ ಅಳತೆಯಾಗಲಿ ನಡುವೆ ಬೇರ್ಪಡಿಸುವ ಗುರುತಾಗಲಿ ಇಲ್ಲದೆ ಜೋಡಿಸಬೇಡ: 1ಕ್ಕೆ 23 ಸೇರಿಸಿದರೂ 123, 12ಕ್ಕೆ 3 ಸೇರಿಸಿದರೂ 123. ಆಮೇಲೆ ಬಿಡಿಸುವವರಿಗೆ ದಾರಿಯೇ ಇರುವುದಿಲ್ಲ.

ಕೋಡ್ ಒಪ್ಪಿಸುವ ಮುಂಚೆ ಟೆಸ್ಟಿಗೆ ವೆಂಕಟಸುಬ್ರಹ್ಮಣ್ಯ, ಜ್ಯೋತ್ಸ್ನಾ ಇಂಥ ಹೆಸರುಗಳನ್ನು ಹಾಕು. ಹೊರಬಂದ ಫೈಲನ್ನು ಓದುವ ಕಡೆಯವರ ಪ್ರೋಗ್ರಾಮಿನಲ್ಲೇ ತೆರೆದು, ಒಂದೊಂದು ಹೆಸರನ್ನೂ ಕಣ್ಣಾರೆ ನೋಡಿ ಆಮೇಲೆ ಕಳಿಸಮ್ಮ.