ಬಣ್ಣ ನೋಡಿ ಸಹಿ ಹಾಕಬೇಡ

ಮಗಳೇ, ಸುಳ್ಯದ ಕೆ.ವಿ.ಜಿ.ಯಲ್ಲಿ ಮೆಕ್ಯಾನಿಕಲ್ ಮುಗಿಸಿ, ಹಡಗಿನ ಸರ್ವೆ ಕೆಲಸ ಕಲಿಯಲು ಪಣಂಬೂರಿಗೆ ಹೊರಟಿದ್ದೀಯಂತೆ. ನಿನ್ನಮ್ಮ ಹೇಳಿದಳು. ನಮ್ಮ ಜಾಲ್ಸೂರಿನಿಂದ ಈ ಕೆಲಸಕ್ಕೆ ಹೋಗುವವರು ಅಪರೂಪ, ನನಗಂತೂ ತುಂಬಾ ಖುಷಿಯಾಯಿತು. ಹಡಗಿನಲ್ಲೇ ದುಡಿದು ನಿವೃತ್ತನಾದವನು ನಾನು, ಅದಕ್ಕೇ ಹೇಳುತ್ತಿದ್ದೇನೆ: ಹಳೆಯ ಹಡಗಿನ ಯೋಗ್ಯತೆಯನ್ನು ಅದರ ಬಣ್ಣದಿಂದಾಗಲಿ ಕಾಗದದಿಂದಾಗಲಿ ಅಳೆಯಬೇಡ. ಕೈಗೆಟುಕುವಷ್ಟು ಹತ್ತಿರ ಹೋಗಿ ನೋಡು.

2022ರ ಜೂನ್‌ನಲ್ಲಿ ಉಳ್ಳಾಲದ ಕಡೆ ಕಡಲಲ್ಲಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ನಿನಗೆ ನೆನಪಿರಬೇಕು. ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಳೆಯ ಹಡಗು. ಒಳಗೆ ನೀರು ನುಗ್ಗಿತು. 15 ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಉಳಿಸಿದ್ದೇ ದೊಡ್ಡದು. ಇನ್ನು ತುಕ್ಕು ಏನು ಮಾಡಬಲ್ಲದು ಎಂದು ತಿಳಿಯಬೇಕಾದರೆ ‘ಎರಿಕಾ’ದ ತನಿಖಾ ವರದಿ ಓದು. 1975ರಲ್ಲಿ ಕಟ್ಟಿದ ಆ ಟ್ಯಾಂಕರ್ 1999ರ ಡಿಸೆಂಬರ್ 12ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆ ಎರಡು ತುಂಡಾಯಿತು. ಅದರ ಸರ್ಟಿಫಿಕೇಟುಗಳ ಅವಧಿ ಮುಗಿದಿರಲಿಲ್ಲ. ಹಡಗಿನ ಸಮತೋಲಕ್ಕೆ ಕಡಲ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕಿನ ಉಕ್ಕು ಮಾತ್ರ ಸವೆದಿತ್ತು.

ಹಾಗಾಗಿ ಮೊದಲು ಬ್ಯಾಲಸ್ಟ್ ಟ್ಯಾಂಕಿಗೆ ಇಳಿ. ತೋಟದ ಕಬ್ಬಿಣದ ಗೇಟಿನ ಕಂಬ ಮೇಲೆ ಹೊಳೆಯುತ್ತಿದ್ದರೂ ಮಣ್ಣಿಗೆ ತಾಗುವಲ್ಲಿ ತಿಂದುಹೋಗಿರುವುದನ್ನು ನೋಡಿದ್ದೀಯಲ್ಲ, ಇಲ್ಲಿಯೂ ಹಾಗೆಯೇ, ಒಮ್ಮೆ ಒದ್ದೆಯಾಗಿ ಒಮ್ಮೆ ಒಣಗುವ ಜಾಗವೇ ಬೇಗ ಹೋಗುತ್ತದೆ. ಸವೆತ ತಡೆಯಲು ಹಾಕಿದ ಸತುವಿನ ತುಂಡುಗಳು ನೀರು ತುಂಬಿದ್ದಾಗಷ್ಟೇ ಕೆಲಸ ಮಾಡುತ್ತವೆ. ಟ್ಯಾಂಕ್ ಖಾಲಿಯಿದ್ದಾಗ ಅವುಗಳಿಂದ ಪ್ರಯೋಜನವಿಲ್ಲ. ಡೆಕ್ಕಿನ ಅಡಿಭಾಗಕ್ಕೆ ಟಾರ್ಚ್ ಹಿಡಿ. ಅಂಚುಗಳಲ್ಲಿ ಬಣ್ಣ ನಿಲ್ಲುವುದಿಲ್ಲ, ವೆಲ್ಡಿನ ಪಕ್ಕದಲ್ಲಿ ಗೀರಿನಂತೆ ಸವೆತ ಇಳಿದಿರುತ್ತದೆ. ನೀರು ಎಳೆಯುವ ಪೈಪಿನ ಬಾಯಿಯ ಕೆಳಗೆ ಗುಳಿ ಬಿದ್ದಿದೆಯೋ ಎಂದು ಬೆರಳಾಡಿಸಿ ನೋಡು.

ತುಕ್ಕಿನ ಚಕ್ಕೆ ಉಬ್ಬಿ ದಪ್ಪ ಕಾಣುತ್ತದೆ, ಅದನ್ನು ಉಕ್ಕೆಂದು ನಂಬಬೇಡ. ಸುತ್ತಿಗೆಯಿಂದ ತಟ್ಟಿ, ಕೆರೆದು ತೆಗೆಸಿ, ಆಮೇಲೆ ದಪ್ಪ ಅಳೆಯುವ ಗೇಜ್ ಇಡು. ಹಳೆಯ ಬಗೆಯ ಗೇಜುಗಳು ಬಣ್ಣವನ್ನೂ ಸೇರಿಸಿ ದಪ್ಪ ತೋರಿಸುತ್ತವೆ, ಎಚ್ಚರ. ಎಲ್ಲಿ ಅಳೆಯಬೇಕೆಂದು ನೀನೇ ಗುರುತು ಹಾಕು; ಅಳೆಯುವವರು ಏಣಿಗೆ ಹತ್ತಿರವಾದ ಜಾಗ ಆರಿಸಿಕೊಳ್ಳಲು ಬಿಡಬೇಡ. 16 ಮಿ.ಮೀ. ಪ್ಲೇಟಿಗೆ 4 ಮಿ.ಮೀ. ಸವೆಯಲು ಅವಕಾಶವಿದೆ ಎಂದಿಟ್ಟುಕೋ. ಸವೆತ 3 ದಾಟಿದರೆ, ಅಂದರೆ ಮುಕ್ಕಾಲು ಪಾಲು ಮೀರಿದರೆ, ಅದು ಗಂಭೀರ ಸವೆತ. ಸುತ್ತಮುತ್ತ ಇನ್ನೂ ಒತ್ತಾಗಿ ಅಳೆಯಿಸಬೇಕು. ‘ನಾಳೆ ಬೆಳಿಗ್ಗೆ ಹಡಗು ಬಿಡಬೇಕು’ ಎಂದು ಅವಸರ ಮಾಡುವವರು ಇದ್ದೇ ಇರುತ್ತಾರೆ. ಕಂಡ ಅಂಕಿಯನ್ನೇ ಬರೆ. ಆ ಪ್ಲೇಟಿನ ಹಿಂದೆ ಮಲಗುವವರು ನಿನ್ನ ವಯಸ್ಸಿನ ಹುಡುಗರು.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಲೇಬೇಡ. ಮುಚ್ಚಿಟ್ಟ ಟ್ಯಾಂಕಿನೊಳಗೆ ತುಕ್ಕು ಹಿಡಿಯುವಾಗ ಅಲ್ಲಿನ ಆಮ್ಲಜನಕವೇ ಖರ್ಚಾಗುತ್ತದೆ. ವಾಸನೆಯಿಲ್ಲ, ಸೂಚನೆಯಿಲ್ಲ, ಇಳಿದವರು ಹಾಗೆಯೇ ಕುಸಿಯುತ್ತಾರೆ. ಮೀಟರ್ ಶೇ. 21ರ ಹತ್ತಿರ ತೋರಿಸುವವರೆಗೆ, ಮ್ಯಾನ್‌ಹೋಲಿನ ಬಳಿ ಒಬ್ಬರು ಕಾವಲು ನಿಲ್ಲುವವರೆಗೆ ಏಣಿಗೆ ಕಾಲಿಡಬೇಡ. ಕ್ಯಾಪ್ಟನ್ ಎಷ್ಟೇ ಗಡಿಬಿಡಿ ಮಾಡಲಿ, ಗಾಳಿ ಹಾಯಿಸಲು ಹೇಳಿ ಡೆಕ್ಕಿನ ಮೇಲೆಯೇ ಕಾಯಿ.